ಮದ್ರಾಸಿನಲ್ಲಿ ಕಂಡ ನಕ್ಷತ್ರ, ಬೆಂಗಳೂರಿನವರು ಓದಿದ ಬೆಳಕು

1863ರ ಮೇ 20ರಂದು ಮದ್ರಾಸ್ ವೀಕ್ಷಣಾಲಯದ ನಾರ್ಮನ್ ಪಾಗ್ಸನ್ ವೃಶ್ಚಿಕ ರಾಶಿಯಲ್ಲಿ ಹೊಸದೊಂದು ನಕ್ಷತ್ರವನ್ನು ಗುರುತಿಸಿದರು. ನಕ್ಷತ್ರಗಳ ಕಾಂತಿಯನ್ನು ಅಳೆಯಲು ಇಂದಿಗೂ ಬಳಕೆಯಲ್ಲಿರುವ ಮಾನವನ್ನು 1856ರಲ್ಲಿ ಸೂಚಿಸಿದವರೂ ಇವರೇ. ಅವರು ಕಂಡ ನಕ್ಷತ್ರ ಕೆಲವೇ ದಿನಗಳಲ್ಲಿ ಮಂಕಾಗಿ ಮರೆಯಾಯಿತು. 'ಯು ಸ್ಕಾರ್ಪಿಯೈ' ಎಂಬ ಹೆಸರು ಪಟ್ಟಿಯಲ್ಲಿ ಉಳಿಯಿತಷ್ಟೆ. 1940ರಲ್ಲಿ ಹೆಲೆನ್ ಥಾಮಸ್ ಹಾರ್ವರ್ಡ್‌ನ ಹಳೆಯ ಛಾಯಾಚಿತ್ರ ಫಲಕಗಳನ್ನು ಪರಿಶೀಲಿಸಿದಾಗ, ಅದೇ ನಕ್ಷತ್ರ 1906ರಲ್ಲೂ 1936ರಲ್ಲೂ ಸ್ಫೋಟಿಸಿದ್ದು ತಿಳಿಯಿತು. ಸಾಕ್ಷ್ಯ ಕಪಾಟಿನಲ್ಲೇ ಇತ್ತು, ನೋಡಿದವರಿರಲಿಲ್ಲ!

ಇದು ವಾಸ್ತವವಾಗಿ ಒಂದು ಜೋಡಿ. ಭಾರವಾದ ಶ್ವೇತಕುಬ್ಜವೂ ಅದರ ಸಂಗಾತಿ ನಕ್ಷತ್ರವೂ ಸುಮಾರು 1.23 ದಿನಕ್ಕೊಮ್ಮೆ ಪರಸ್ಪರ ಸುತ್ತುತ್ತವೆ. ಸಂಗಾತಿಯಿಂದ ಹರಿದ ಅನಿಲ ನೇರವಾಗಿ ಬೀಳದೆ, ಬಚ್ಚಲ ತೂತಿನ ಸುತ್ತ ನೀರು ಸುಳಿಯುವಂತೆ ಸುಳಿದು ತಟ್ಟೆಯ ಆಕಾರ ತಾಳುತ್ತದೆ. ಅದರಿಂದ ಕುಬ್ಜದ ಮೇಲೆ ಶೇಖರವಾದ ಜಲಜನಕ ಒಂದು ದಿನ ಹೊತ್ತಿಕೊಂಡಾಗ ಕಾಂತಿ ಸುಮಾರು ಹತ್ತು ಸಾವಿರ ಪಟ್ಟು ಏರುತ್ತದೆ. ಆಗಲೂ ಬರಿಗಣ್ಣಿಗೆ ಕಾಣುವುದಿಲ್ಲ.

ದೊಡ್ಡ ದೂರದರ್ಶಕದಲ್ಲೂ ಚುಕ್ಕೆಯಾಗಿಯೇ ಕಾಣುವ ಬೆಳಕಿನಲ್ಲಿ ತಟ್ಟೆಯಿದೆ ಎಂದು ತಿಳಿಯುವುದು ಹೇಗೆ? ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದಿಂದ. ಸುತ್ತುವ ತಟ್ಟೆಯ ಒಂದು ಅಂಚು ನಮ್ಮತ್ತ ಬರುವಾಗ ಅದರ ರೇಖೆ ನೀಲಿಯ ಕಡೆಗೂ, ದೂರ ಸರಿಯುವ ಅಂಚಿನ ರೇಖೆ ಕೆಂಪಿನ ಕಡೆಗೂ ಜರುಗುತ್ತದೆ. ರೇಖೆಯ ಅಗಲ ಅನಿಲದ ವೇಗವನ್ನು ಹೇಳುತ್ತದೆ.

ಪಾಗ್ಸನ್ ದುಡಿದ ವೀಕ್ಷಣಾಲಯದ ಕೆಲಸ 1899ರಲ್ಲಿ ಕೊಡೈಕನಾಲ್‌ಗೆ ಹೋಯಿತು. ಅಲ್ಲಿಂದ ಬೆಳೆದದ್ದೇ 1971ರಲ್ಲಿ ಸ್ವಾಯತ್ತವಾದ ಭಾರತೀಯ ಖಭೌತ ಸಂಸ್ಥೆ. ಇಂದು ಅದು ಕೋರಮಂಗಲದಲ್ಲಿದೆ. ನಮ್ಮ ಅಂಜನಾಪುರದಿಂದ ದೂರವೇನಲ್ಲ, ಟ್ರಾಫಿಕ್ ಬಿಟ್ಟರೆ! 1999ರಲ್ಲಿ ಯು ಸ್ಕಾರ್ಪಿಯೈ ಮತ್ತೆ ಸ್ಫೋಟಿಸಿದಾಗ ಈ ಸಂಸ್ಥೆಯ ಜಿ.ಸಿ. ಅನುಪಮಾ ಮತ್ತು ದೇವಾಂಗನ್ ಕಾವಲೂರಿನಲ್ಲಿ ಪಡೆದ ರೋಹಿತಗಳನ್ನು ಅಭ್ಯಸಿಸಿದರು. ಸಿಡಿದು ಹೋದ ದ್ರವ್ಯ ಸೂರ್ಯನ ದ್ರವ್ಯರಾಶಿಯ ಸುಮಾರು ಕೋಟಿಯಲ್ಲೊಂದು ಪಾಲು ಎಂದೂ, ಸಂಗಾತಿಯು ಸೂರ್ಯನಿಗಿಂತ ತಂಪಾದ ನಕ್ಷತ್ರವೆಂದೂ ಅಂದಾಜಿಸಿದರು. ನೂರ ಮೂವತ್ತಾರು ವರ್ಷಗಳ ಬಳಿಕ, ಕಂಡುಹಿಡಿದ ಮನೆತನದವರೇ ಅದರ ಲೆಕ್ಕ ಬರೆದಂತಾಯಿತು.

2010ರ ಜನವರಿ 28ರ ಸ್ಫೋಟವನ್ನು ಬ್ರಾಡ್ಲಿ ಶೇಫರ್ ಮೊದಲೇ ನಿರೀಕ್ಷಿಸಿದ್ದರು. ಹೀಗಾಗಿ ಜಗತ್ತಿನ ಅನೇಕ ದೂರದರ್ಶಕಗಳು ಸಜ್ಜಾಗಿದ್ದವು. ಹೊಸಕೋಟೆಯಿಂದ ಉಪಗ್ರಹದ ಮೂಲಕ ನಡೆಸುವ ಲಡಾಖಿನ ಹಾನ್ಲೆ ದೂರದರ್ಶಕವೂ ಅದನ್ನು ವೀಕ್ಷಿಸಿತು. ಸ್ಫೋಟದ ಹೊಡೆತಕ್ಕೆ ತಟ್ಟೆ ಚದುರಿಹೋಗಿತ್ತು. ಆದರೆ ಸುಮಾರು ಎರಡು ವಾರಗಳಲ್ಲೇ, ಸಂಗಾತಿ ಅಡ್ಡಬಂದಾಗ ಆಗುವ ಗ್ರಹಣ ಮರುಕಳಿಸಿತು. ತಟ್ಟೆ ಮತ್ತೆ ಕಟ್ಟಿಕೊಳ್ಳುತ್ತಿತ್ತು.

ಶ್ವೇತಕುಬ್ಜ ಗಳಿಸುವುದು ಹೆಚ್ಚೋ, ಕಳೆದುಕೊಳ್ಳುವುದು ಹೆಚ್ಚೋ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಗಳಿಕೆಯೇ ಹೆಚ್ಚಾದರೆ ಅದು ಚಂದ್ರಶೇಖರ್ ಮಿತಿಯತ್ತ, ಅಂದರೆ ಸೂರ್ಯನ ಸುಮಾರು 1.4 ಪಟ್ಟು ದ್ರವ್ಯರಾಶಿಯತ್ತ ಸಾಗಿ ಕೊನೆಗೆ ಸೂಪರ್‌ನೋವಾ ಆಗಬಹುದು. 2022ರ ಜೂನ್ 6ರಂದು ಅದು ಪುನಃ ಸ್ಫೋಟಿಸಿತು. ಹತ್ತು ಹನ್ನೆರಡು ವರ್ಷಗಳ ಈಚಿನ ಲೆಕ್ಕದಂತೆ ಮುಂದಿನ ಸರದಿ 2030ರ ದಶಕದಲ್ಲಿ.