ಸೂಜಿಯ ವಯಸ್ಸು

ನಿನ್ನೆ ಕುಣಿದಾಡುತ್ತಿದ್ದ ಡ್ಯಾಷ್‌ಹುಂಡ್ ಇಂದು ಹಿಂಗಾಲುಗಳನ್ನು ಎಳೆಯುತ್ತ ತೆವಳುತ್ತದೆ. ಬೆನ್ನುಮೂಳೆಗಳ ನಡುವಿನ ಡಿಸ್ಕ್ ಸರಿದು ಬೆನ್ನುಹುರಿಯನ್ನು ಒತ್ತಿರುತ್ತದೆ. ಶಸ್ತ್ರಕ್ರಿಯೆಯೋ ದಯಾಮರಣವೋ ಎಂದು ತಳಮಳಿಸುವ ಮನೆಯವರಿಗೆ ಮತ್ತೊಂದು ದಾರಿಯೂ ಕಿವಿಗೆ ಬೀಳುತ್ತದೆ: ಬೆನ್ನಿನ ಇಕ್ಕೆಲದಲ್ಲಿ ಸೂಜಿ ಚುಚ್ಚಿ ಮಂದ ವಿದ್ಯುತ್ತು ಹರಿಸುವ ಎಲೆಕ್ಟ್ರೋ ಅಕ್ಯುಪಂಕ್ಚರ್. ಅದು ಸಾವಿರಾರು ವರ್ಷಗಳ ಚೀನೀ ವಿದ್ಯೆಯೆಂಬ ಭರವಸೆಯೂ ಜೊತೆಗೇ ಬರುತ್ತದೆ. ಈ ಭರವಸೆಯನ್ನು ಇತಿಹಾಸದ ಒರೆಗೆ ಹಚ್ಚಿ ನೋಡೋಣ.

ಸೂಜಿ ಚೀನದ್ದು, ಹಳೆಯದು, ಅದರಲ್ಲಿ ತಕರಾರಿಲ್ಲ. ಆದರೆ ಅಲ್ಲಿನ ಪ್ರಸಿದ್ಧ ಪಶುವೈದ್ಯ ಗ್ರಂಥ, 1608ರ 'ಯುವಾನ್ ಹೆಂಗ್ ಲಿಯಾವೊ ಮಾ ಜಿ', ಹೆಸರಿನಿಂದಲೇ ಕುದುರೆಯ ಚಿಕಿತ್ಸೆಯದು. ದಂಡಿನ ಕುದುರೆಗೂ ಉಳುವ ಎತ್ತಿಗೂ ಸಿಕ್ಕ ಗಮನ ನಾಯಿಗೆ ಸಿಕ್ಕಿರಲಿಲ್ಲ. ಇಂದು ನಾಯಿಯ ಮೈಮೇಲೆ ಗುರುತಿಸುವ ಬಿಂದುಗಳಲ್ಲಿ ಬಹುಪಾಲು ಮನುಷ್ಯರ ನಕ್ಷೆಯಿಂದ ತಂದು ಕೂರಿಸಿದವು. ವಿದ್ಯುತ್ತಿನ ಮೂಲವಂತೂ ಫ್ರಾನ್ಸ್. ಸಂಗೀತಕಾರ ಹೆಕ್ಟರ್ ಬೆರ್ಲಿಯೋಜ್‌ನ ತಂದೆ, ವೈದ್ಯ ಲೂಯಿ ಬೆರ್ಲಿಯೋಜ್, 1816ರಲ್ಲಿ ಸೂಜಿಗೆ ವಿದ್ಯುತ್ತನ್ನು ಜೋಡಿಸುವ ಸೂಚನೆಯಿತ್ತನು. 1825ರಲ್ಲಿ ಸಾರ್ಲಾಂದಿಯೇರ್ ಅದರ ಮೇಲೆ ಪುಸ್ತಕವನ್ನೇ ಪ್ರಕಟಿಸಿದನು. ಚೀನದ ಆಸ್ಪತ್ರೆಗಳಲ್ಲಿ ಬೆರಳಿನಿಂದ ಸೂಜಿ ತಿರುಗಿಸುವ ಕೆಲಸವನ್ನು ಯಂತ್ರಕ್ಕೆ ವ್ಯಾಪಕವಾಗಿ ಒಪ್ಪಿಸಿದ್ದು ಕಳೆದ ಶತಮಾನದ ನಡುಭಾಗದ ನಂತರ.

1971ರಲ್ಲಿ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್‌ಗೆ ಬೀಜಿಂಗ್‌ನಲ್ಲಿ ಅಪೆಂಡಿಕ್ಸ್ ಶಸ್ತ್ರಕ್ರಿಯೆಯಾಯಿತು. ಅರಿವಳಿಕೆ ಮಾಮೂಲಿನದೇ, ಸೂಜಿ ಬಂದದ್ದು ಆಮೇಲಿನ ನೋವಿಗೆ. ಜನರ ಬಾಯಲ್ಲಿ ಮಾತ್ರ ಸೂಜಿಯಿಂದಲೇ ಹೊಟ್ಟೆ ಕೊಯ್ದರೆಂದಾಯಿತು! ಆ ಬೆರಗಿನ ಬೆನ್ನಿಗೆ, 1974ರಲ್ಲಿ, ಪಶುವೈದ್ಯರ ಅಂತರರಾಷ್ಟ್ರೀಯ ಅಕ್ಯುಪಂಕ್ಚರ್ ಸಂಘ ಹುಟ್ಟಿತು.

ವಯಸ್ಸು ಕಡಿಮೆಯೆಂದ ಮಾತ್ರಕ್ಕೆ ಗುಣವಿಲ್ಲವೆನ್ನಲಾಗದು. ತೀವ್ರ ನರದೌರ್ಬಲ್ಯ 48 ಗಂಟೆಗೂ ಮೀರಿ ಉಳಿದಿದ್ದ 40 ನಾಯಿಗಳ ಕುರಿತು ಬ್ರೆಜಿಲ್‌ನ ಸಂಶೋಧಕರು 2010ರಲ್ಲಿ ವರದಿ ಮಾಡಿದರು. ಸೂಜಿ-ವಿದ್ಯುತ್ತು ಪಡೆದ 19ರಲ್ಲಿ 15, ಶಸ್ತ್ರಕ್ರಿಯೆಯೂ ಸೂಜಿಯೂ ಸೇರಿದ 11ರಲ್ಲಿ 8, ಶಸ್ತ್ರಕ್ರಿಯೆಯೊಂದನ್ನೇ ಪಡೆದ 10ರಲ್ಲಿ 4 ಚೇತರಿಸಿಕೊಂಡವು. ಅಂಕಿಗಳು ಮನಸೆಳೆಯುತ್ತವೆ. ಆದರೆ ಶಸ್ತ್ರಕ್ರಿಯೆಯ ಗುಂಪಿನ ವಿವರಗಳನ್ನು ಹಳೆಯ ದಾಖಲೆಗಳಿಂದ ಆರಿಸಿಕೊಂಡಿದ್ದರು. ಚೀಟಿಯೆತ್ತಿ ಹಂಚಿದ ಗುಂಪುಗಳಲ್ಲ. ಇದನ್ನು ಹಿಡಿದು ಶಸ್ತ್ರಕ್ರಿಯೆ ಬೇಡವೆನ್ನುವವರನ್ನು ನಾವು ಒಪ್ಪಲಾರೆವು. ಪೂರಕವೆಂಬ ಮಾತೇ ಸದ್ಯಕ್ಕೆ ಸರಿ.

ನಾಯಿಗೆ ಐತಿಹ್ಯ ತಿಳಿಯದು, ಭ್ರಮೆಯಿಂದ ಎದ್ದು ನಡೆಯದು ಎನ್ನುವುದುಂಟು. ನಿಜ, ಆದರೆ ಅದರ ನಡಿಗೆಗೆ ಅಂಕ ಕೊಡುವವರು ಮನುಷ್ಯರು. ಆ ಅಧ್ಯಯನದಲ್ಲಿ ಚೇತರಿಕೆಗೆ ಚಿಕಿತ್ಸೆಯ ನಂತರ ಆರು ತಿಂಗಳವರೆಗೂ ಕಾದಿದ್ದರು. ಅಂಥ ದಿನಗಳಲ್ಲಿ ಹೊಟ್ಟೆಯಡಿ ಟವೆಲು ಕೊಟ್ಟು ನಾಯಿಯನ್ನು ಎತ್ತಿ ನಿಲ್ಲಿಸಿ, ಕೈಯಿಂದ ಮೂತ್ರಕೋಶ ಒತ್ತಿ ಖಾಲಿಮಾಡಿಸುವ ಕೆಲಸ ಮನೆಯವರದೇ.