ಹೆರಿಗೆ ನಂತರದ ರಕ್ತಸ್ರಾವ: ಮಾತ್ರೆಯೋ, ಅಳತೆಯೋ? ಬೆಳಗಾವಿ ಅಧ್ಯಯನದ ಮರುಓದು

2006ರ ಅಕ್ಟೋಬರಿನಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಒಂದು ಅಧ್ಯಯನವನ್ನು ಪ್ರಕಟಿಸಿತು. ರಿಚರ್ಡ್ ಡರ್ಮನ್, ಭಾಲಚಂದ್ರ ಕೊಡ್ಕಣಿ, ಶಿವಪ್ರಸಾದ್ ಗೌಡರ್ ಮತ್ತು ಸಂಗಡಿಗರು 2002ರಿಂದ 2005ರವರೆಗೆ ಮನೆಯಲ್ಲೋ ಉಪಕೇಂದ್ರದಲ್ಲೋ ಹೆತ್ತ 1,620 ತಾಯಂದಿರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಮಗು ಹುಟ್ಟಿದೊಡನೆ 600 ಮೈಕ್ರೊಗ್ರಾಂ ಮಿಸೊಪ್ರೊಸ್ಟಾಲ್ ಮಾತ್ರೆ, ಇನ್ನೊಂದಕ್ಕೆ ಔಷಧವಿಲ್ಲದ ಹುಸಿಮಾತ್ರೆ. 500 ಮಿ.ಲೀ. ಅಥವಾ ಅದಕ್ಕೂ ಹೆಚ್ಚು ರಕ್ತ ಹೋದವರು ಎರಡನೆಯ ಗುಂಪಿನಲ್ಲಿ ಶೇ. 12, ಮೊದಲನೆಯದರಲ್ಲಿ ಶೇ. 6.4. ಒಂದು ಲೀಟರ್ ದಾಟಿದ ತೀವ್ರ ಸ್ರಾವ ಶೇ. 1.2ರಿಂದ 0.2ಕ್ಕೆ ಇಳಿದಿತ್ತು. ರಕ್ತಸ್ರಾವ ತಡೆಯಲು ಕೊಡುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿ ಇಡಬೇಕು; ಈ ಮಾತ್ರೆಗೆ ತಂಪುಪೆಟ್ಟಿಗೆಯೂ ಬೇಡ, ಸೂಜಿಯೂ ಬೇಡ. ಹಾಗಾಗಿ ಆ ಅಧ್ಯಯನ ‘ಮಾತ್ರೆಯ ಅಧ್ಯಯನ’ವಾಗಿಯೇ ಓದಿಸಿಕೊಂಡಿತು.

ಅಲ್ಲಿಂದಾಚೆಗಿನ ಚರ್ಚೆಯೂ ಮಾತ್ರೆಯ ಸುತ್ತಲೇ ನಡೆಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಕ್ತಸ್ರಾವ ತಡೆಗಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಮರುವರ್ಷವೇ ಚೂ, ಬ್ರ್‌ಲಿಕೊವಾ ಮತ್ತು ಪೊಲಾಕ್, ಮನೆ ಹೆರಿಗೆಗಳಲ್ಲಿ ಇದನ್ನು ವ್ಯಾಪಕವಾಗಿ ಹಂಚುವಷ್ಟು ಪುರಾವೆ ಇಲ್ಲವೆಂದು ಆಕ್ಷೇಪಿಸಿದರು. ಅವರ ಆಕ್ಷೇಪದಲ್ಲಿ ಹುರುಳಿದೆ: ಬೆಳಗಾವಿಯಲ್ಲಿ ಮಾತ್ರೆ ಕೊಟ್ಟವರು ತರಬೇತಾದ ಕಿರಿಯ ಆರೋಗ್ಯ ಸಹಾಯಕಿಯರು. ಅವರಿಲ್ಲದ ಮನೆಯಲ್ಲೂ ಅದೇ ಫಲ ಸಿಗುತ್ತದೆಂದು ಆ ಅಧ್ಯಯನ ಹೇಳುವುದಿಲ್ಲ. ಈಗ ಆ ವಾದ ನಮ್ಮ ರಾಜ್ಯದ ಮಟ್ಟಿಗೆ ಹಿಂದೆ ಸರಿದಿದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಶೇ. 97 ಹೆರಿಗೆಗಳು ಆಸ್ಪತ್ರೆ ಅಥವಾ ಆರೋಗ್ಯ ಕೇಂದ್ರಗಳಲ್ಲೇ ಆಗುತ್ತವೆ.

ಪರ ವಿರೋಧಗಳೆರಡೂ ಒಂದು ವಸ್ತುವನ್ನು ಬದಿಗೆ ತಳ್ಳಿವೆ ಎಂಬುದು ನನ್ನ ತಕರಾರು. ಆ ಅಧ್ಯಯನದ ಪ್ರತಿ ತಾಯಿಯ ಕೆಳಗೂ ಒಂದು ಪ್ಲಾಸ್ಟಿಕ್ ಹಾಳೆ ಹಾಸಿತ್ತು. ಅದರ ತುದಿಯಲ್ಲಿ ಮಿಲಿಲೀಟರ್ ಗೆರೆಗಳಿದ್ದ ಶಂಕುವಿನಾಕಾರದ ಚೀಲ. ಶೇ. 12 ಎಂಬ ಅಂಕಿ ನಮ್ಮ ಕಣ್ಣಿಗೆ ಬಿದ್ದದ್ದೇ ಆ ಚೀಲದಿಂದ. ಅದೇ 2006ರಲ್ಲಿ ಪಟೇಲ್ ಮತ್ತು ಸಂಗಡಿಗರು ಬೆಳಗಾವಿ ಜಿಲ್ಲಾಸ್ಪತ್ರೆಯ 123 ಹೆರಿಗೆಗಳನ್ನು ಪರಿಶೀಲಿಸಿ, ಕಣ್ಣಂದಾಜು ಚೀಲದ ಅಳತೆಗಿಂತ ಶೇ. 33ರಷ್ಟು ಕಡಿಮೆ ತೋರಿಸುತ್ತದೆಂದು ಕಂಡುಕೊಂಡರು. ಈ ವ್ಯತ್ಯಾಸವನ್ನು ಒಬ್ಬ ತಾಯಿಗೆ ಅನ್ವಯಿಸಿ ನೋಡಬಹುದು. ಆಕೆಗೆ 600 ಮಿ.ಲೀ. ರಕ್ತ ಹೋಗಿದೆ; ಕಣ್ಣಂದಾಜಿನಲ್ಲಿ ಅದು ಸುಮಾರು 400. ಕಡತದಲ್ಲಿ ಆಕೆಗೆ ರಕ್ತಸ್ರಾವವೇ ಆಗಿಲ್ಲ. ಬಾಣಂತಿಗೆ ಕೆಟ್ಟ ನೆತ್ತರು ಹೋಗಲೇಬೇಕು ಎಂಬ ನಂಬಿಕೆ ಇರುವ ಮನೆಗಳಲ್ಲಿ ಜೊತೆಗಿದ್ದವರೂ ಗಾಬರಿಯಾಗುವುದಿಲ್ಲ.

ಆದ್ದರಿಂದ ಬೆಳಗಾವಿ ಅಧ್ಯಯನದ ಹೆಚ್ಚು ಬಾಳಿಕೆಯ ಕೊಡುಗೆ ಮಾತ್ರೆಯಲ್ಲ, ಅಳತೆ ಎಂದು ನನಗನ್ನಿಸುತ್ತದೆ. ಇದನ್ನು ಎಚ್ಚರದಿಂದ ಹೇಳಬೇಕು. ಚೀಲ ಎರಡೂ ಗುಂಪಿನಲ್ಲಿ ಇದ್ದುದರಿಂದ ಅದರ ಫಲವನ್ನು ಆ ಅಧ್ಯಯನ ಪರೀಕ್ಷಿಸಲೇ ಇಲ್ಲ. ಸ್ರಾವ ಸುಮಾರು ಅರ್ಧಕ್ಕೆ ಇಳಿದದ್ದರ ಶ್ರೇಯಸ್ಸು ಔಷಧದ್ದೇ. ಅಳತೆ ಜೀವ ಉಳಿಸುತ್ತದೆ ಎನ್ನಲು ಬೇರೆಡೆಯ ಪುರಾವೆ ಬೇಕು. ಮೇಲ್ನೋಟಕ್ಕೆ ಆ ಪುರಾವೆ ನನಗೆ ಎದುರಾಗಿಯೇ ಇದೆ.

ಯುರೋಪಿನ 13 ದೇಶಗಳ 25,381 ಹೆರಿಗೆಗಳ ಮೇಲೆ ಜಾಂಗ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2010ರಲ್ಲಿ ‘ಬಿಎಂಜೆ’ಯಲ್ಲಿ ಬಂತು. ಚೀಲ ಬಳಸಿದ ಆಸ್ಪತ್ರೆಗಳಲ್ಲಿ ತೀವ್ರ ಸ್ರಾವ ಶೇ. 1.71, ಬಳಸದವುಗಳಲ್ಲಿ ಶೇ. 2.06. ಸಂಖ್ಯಾಶಾಸ್ತ್ರದ ಕಣ್ಣಿಗೆ ಇದು ಅಂತರವೇ ಅಲ್ಲ. ಚೀಲ ನಿಷ್ಪ್ರಯೋಜಕ ಎಂಬ ಮಾತು ಇಲ್ಲಿಂದಲೇ ಹರಡಿತು. ಮೂಲವನ್ನು ನಿಧಾನವಾಗಿ ಓದಿದರೆ ಅಷ್ಟು ಗಟ್ಟಿ ತೀರ್ಮಾನಕ್ಕೆ ಆಧಾರ ಸಿಗುವುದಿಲ್ಲ. ಆಡ್ಸ್ ಅನುಪಾತ 0.82 ಎಂದಿದ್ದರೂ ಅದರ ವಿಶ್ವಾಸಾರ್ಹ ವ್ಯಾಪ್ತಿ 0.26ರಿಂದ 2.53ರವರೆಗೆ ಚಾಚಿದೆ. ದೊಡ್ಡ ಲಾಭ, ದೊಡ್ಡ ಹಾನಿ ಎರಡನ್ನೂ ಅದು ತಳ್ಳಿಹಾಕುವುದಿಲ್ಲ. ಇದಕ್ಕಿಂತ ಮುಖ್ಯವಾದದ್ದು ‘ತೀವ್ರ ಸ್ರಾವ’ದ ವ್ಯಾಖ್ಯೆ. ರಕ್ತ ಕೊಟ್ಟದ್ದು, ಪ್ಲಾಸ್ಮಾ ಹಿಗ್ಗಿಸುವ ದ್ರವ ಏರಿಸಿದ್ದು, ಶಸ್ತ್ರಚಿಕಿತ್ಸೆ, ತೀವ್ರ ನಿಗಾ ಘಟಕ, ಸಾವು ಇವೆಲ್ಲವೂ ಅದರೊಳಗಿವೆ. ಹೆಚ್ಚಿನವು ಚಿಕಿತ್ಸೆಗಳೇ. ಚೀಲ ನೋಡಿ ಬೇಗ ಎಚ್ಚೆತ್ತು ದ್ರವ ಏರಿಸಿದ ಸೂಲಗಿತ್ತಿಯ ಒಳ್ಳೆಯ ಕೆಲಸವೂ ಈ ಲೆಕ್ಕದಲ್ಲಿ ಕೆಟ್ಟ ಫಲಿತಾಂಶವಾಗಿ ಎಣಿಕೆಯಾಗಬಹುದು. ಹೀಗೇ ಆಯಿತೆಂದು ನಾನು ಹೇಳಲಾರೆ. ಆದರೆ ಅಂಥ ಅಳತೆಗೋಲಿನಿಂದ ಚೀಲದ ಉಪಯೋಗವನ್ನು ತೂಗುವುದು ಕಷ್ಟ. ಇನ್ನೊಂದು ಕೊರತೆಯೂ ಇದೆ: ಗೆರೆ ದಾಟಿದ ಕೂಡಲೇ ಇಂಥದ್ದನ್ನು ಮಾಡಲೇಬೇಕೆಂಬ ಕಟ್ಟುಪಾಡನ್ನು ಅಲ್ಲಿ ಚೀಲದ ಜೊತೆಗೆ ಬಿಗಿಯಾಗಿ ಹೊಂದಿಸಿರಲಿಲ್ಲ.

ಆ ಹೊಂದಿಕೆಯನ್ನು ಪರೀಕ್ಷಿಸಿದ್ದು ‘ಇ-ಮೋಟಿವ್’. ಅಯೋನಿಸ್ ಗ್ಯಾಲೊಸ್ ಮತ್ತು ಆರಿ ಕುಮಾರಸ್ವಾಮಿ ಮುಂತಾದವರ ಈ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ಸಹಜ ಹೆರಿಗೆಗಳನ್ನು ಅದು ಒಳಗೊಂಡಿತ್ತು. ಅಲ್ಲಿನ ಹೊಸ ಕ್ರಮದಂತೆ, ಚೀಲದ ಗೆರೆ ದಾಟಿದರೆ ಗರ್ಭಕೋಶ ನೀವುವುದು, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಮ್ಲ, ರಕ್ತನಾಳಕ್ಕೆ ದ್ರವ, ಸ್ರಾವದ ಮೂಲದ ತಪಾಸಣೆ ಎಲ್ಲವನ್ನೂ ಒಟ್ಟಿಗೇ ಶುರುಮಾಡಬೇಕು. ಒಂದರ ಫಲ ನೋಡಿ ಇನ್ನೊಂದಕ್ಕೆ ಕಾಯುವಂತಿಲ್ಲ. ಲೀಟರ್ ದಾಟಿದ ಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆ ಅಥವಾ ಸಾವು, ಈ ಮೂರರ ಒಟ್ಟು ಪ್ರಮಾಣ ಹೊಸ ಕ್ರಮದಲ್ಲಿ ಶೇ. 1.6, ಹಳೆಯ ಕ್ರಮದಲ್ಲಿ ಶೇ. 4.3. ನನ್ನ ವಾದಕ್ಕೆ ಹೆಚ್ಚು ಬೇಕಾದದ್ದು ಇನ್ನೊಂದು ಜೋಡಿ ಅಂಕಿ. ರಕ್ತಸ್ರಾವವಾದ ತಾಯಂದಿರಲ್ಲಿ ಹಳೆಯ ಕ್ರಮ ಗುರುತಿಸಿದ್ದು ಶೇ. 51.1ರಷ್ಟನ್ನು, ಹೊಸದು ಶೇ. 93.1ರಷ್ಟನ್ನು. ಆಸ್ಪತ್ರೆಯ ಮಂಚದ ಮೇಲೆಯೇ, ಔಷಧ ಕೈಯಳತೆಯಲ್ಲಿರುವಾಗಲೇ, ಅರ್ಧದಷ್ಟು ತಾಯಂದಿರ ಸ್ರಾವ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಹಾಗಿರುವಾಗ ಯಾವ ಔಷಧ ಮೇಲು ಎಂಬ ವಾದ ಎರಡನೆಯದಾಗುತ್ತದೆ. ಇಲ್ಲಿ ಚೀಲದ ಪಾಲೆಷ್ಟು, ಚಿಕಿತ್ಸೆಯ ಕಟ್ಟಿನ ಪಾಲೆಷ್ಟು ಎಂದು ಬಿಡಿಸಲಾಗದು ಎಂಬುದನ್ನೂ ಒಪ್ಪಬೇಕು.

ಈ ಚರ್ಚೆ ಗರ್ಭಿಣಿಗೂ ಅವಳ ಮನೆಯವರಿಗೂ ನೇರವಾಗಿ ಸಂಬಂಧಿಸಿದ್ದು. ಸ್ರಾವದ ಅಪಾಯ ಹೆರಿಗೆಯ ಮಂಚದಲ್ಲಷ್ಟೇ ಹುಟ್ಟುವುದಿಲ್ಲ. ಅದರ ಒಂದು ಬೇರು ತಿಂಗಳುಗಳ ಹಿಂದೆಯೇ ಇರುತ್ತದೆ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕೆಳಗಿದ್ದರೆ ಗರ್ಭಿಣಿಗೆ ರಕ್ತಹೀನತೆ ಇದೆಯೆಂದು ಲೆಕ್ಕ. ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಗರ್ಭಿಣಿಯರಲ್ಲಿ ಶೇ. 45.7 ಮಂದಿ ಈ ಗುಂಪಿನವರು. ಗಟ್ಟಿಮುಟ್ಟಾದ ಹೆಂಗಸು ತಾಳಿಕೊಳ್ಳುವ ಅರ್ಧ ಲೀಟರ್ ನಷ್ಟವನ್ನು ಇವರ ಮೈ ತಾಳುವುದಿಲ್ಲ. ನಾಲ್ಕನೆಯ ತಿಂಗಳಿನಿಂದ 180 ದಿನ ಕೊಡುವ ಕಬ್ಬಿಣದ ಮಾತ್ರೆಯನ್ನು ಮಲ ಕಪ್ಪಾಯಿತೆಂದೋ ಹೊಟ್ಟೆ ತೊಳಸುತ್ತದೆಂದೋ ನಿಲ್ಲಿಸದೆ ವೈದ್ಯರನ್ನು ಕೇಳಬೇಕು. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ ಮತ್ತು ರಕ್ತದ ಗುಂಪು ಬರೆದಿದೆಯೇ ನೋಡಬೇಕು. ಮಗು ಹುಟ್ಟಿದ ಮೇಲೆ ಎಲ್ಲರ ಕಣ್ಣೂ ಮಗುವಿನ ಮೇಲಿರುತ್ತದೆ. ಮೊದಲ ಎರಡು ಗಂಟೆ ಜೊತೆಗಿರುವ ಅಮ್ಮನೋ ಅತ್ತೆಯೋ ಬಾಣಂತಿಯ ಬಟ್ಟೆ ಎಷ್ಟು ಬೇಗ ನೆನೆಯುತ್ತಿದೆ, ಅವಳಿಗೆ ಕಣ್ಣುಕತ್ತಲೆ, ತಣ್ಣನೆ ಬೆವರು ಬರುತ್ತಿದೆಯೇ ಎಂದು ನೋಡಿ ಕೂಡಲೇ ಶುಶ್ರೂಷಕಿಯನ್ನು ಕರೆಯಬೇಕು. ರಕ್ತ ಎಷ್ಟು ಹೋಯಿತೆಂದು ಕೇಳುವುದು ಅಧಿಕಪ್ರಸಂಗವಲ್ಲ, ಅವರ ಹಕ್ಕು.

2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆಯ ಗೆರೆಯನ್ನು ಇನ್ನೂ ಕೆಳಗೆ ತಂದಿದೆ: ನಾಡಿ ಅಥವಾ ರಕ್ತದೊತ್ತಡ ಏರುಪೇರಾಗಿದ್ದರೆ 300 ಮಿ.ಲೀ.ಗೇ ಚಿಕಿತ್ಸೆ ಆರಂಭವಾಗಬೇಕು. ಇದು ಅಳತೆಯನ್ನು ಅನಿವಾರ್ಯವಾಗಿಸುತ್ತದೆ, ಏಕೆಂದರೆ ಕಣ್ಣಂದಾಜಿನಲ್ಲಿ 300ನ್ನು 200ರಿಂದ ಬೇರ್ಪಡಿಸುವುದು ಬಹಳ ಕಷ್ಟ. ಎರಡು ಪ್ರಶ್ನೆಗಳು ಮಾತ್ರ ಇತ್ಯರ್ಥವಾಗದೆ ಉಳಿದಿವೆ. ಹಿಮೋಗ್ಲೋಬಿನ್ 7 ಗ್ರಾಂ ಇರುವ, 45 ಕಿಲೊ ತೂಕದ ತಾಯಿಗೂ 11 ಗ್ರಾಂ ಇರುವ ತಾಯಿಗೂ ಒಂದೇ ಗೆರೆ ಸಾಕೇ ಎಂಬುದು ಮೊದಲನೆಯದು. ಎರಡನೆಯದು ಸಿಸೇರಿಯನ್ನಿಗೆ ಸಂಬಂಧಿಸಿದ್ದು. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ಹೆರಿಗೆಗಳಲ್ಲಿ ಅದರ ಪಾಲು ಶೇ. 31.5. ಅಲ್ಲಿ ರಕ್ತ ಗರ್ಭಜಲದೊಡನೆ ಬೆರೆತು ಹೀರುನಳಿಕೆಗೂ ಬಟ್ಟೆಗೂ ಹಂಚಿಹೋಗುತ್ತದೆ. ಸಹಜ ಹೆರಿಗೆಗಾಗಿ ರೂಪಿಸಿದ ಬೆಳಗಾವಿಯ ಚೀಲ ಅಲ್ಲಿಗೆ ಒಗ್ಗುವುದಿಲ್ಲ.