ವಾಹನಗಳ ಕುರಿತ ಮಕ್ಕಳ ಚಿತ್ರಪುಸ್ತಕಗಳು: ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಪೋಷಕರಿಗೆ ಮಾಹಿತಿ

ಸೈಕಲ್, ಬಸ್ಸು, ರೈಲು ಮುಂತಾದವುಗಳ ಚಿತ್ರಪುಸ್ತಕಗಳಿಗಾಗಿ ಪೋಷಕರು ಮೊದಲು ತಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ವಿಚಾರಿಸುವುದು ಸೂಕ್ತ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯು 2020ರಲ್ಲಿ ಆರಂಭಿಸಿದ ‘ಓದುವ ಬೆಳಕು’ ಕಾರ್ಯಕ್ರಮದನ್ವಯ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವವು ಉಚಿತವಾಗಿರುತ್ತದೆ. ಕಾಫಿ ತೋಟಗಳ ಲೈನ್ ಮನೆಗಳಲ್ಲಿ ವಾಸಿಸುವ ಕಾರ್ಮಿಕರು ಶುಲ್ಕದ ಅಂಜಿಕೆಯಿಂದ ಮಕ್ಕಳನ್ನು ಗ್ರಂಥಾಲಯದಿಂದ ದೂರವಿಡಬೇಕಾಗಿಲ್ಲ. ಪುಸ್ತಕವನ್ನು ಮನೆಗೆ ಒಯ್ಯುವ ಬಗ್ಗೆ ಗ್ರಂಥಾಲಯ ಮೇಲ್ವಿಚಾರಕರನ್ನು ಸಂಪರ್ಕಿಸತಕ್ಕದ್ದು.

ಆರು ವರ್ಷದೊಳಗಿನ ಮಕ್ಕಳಿಗೆ ಅಕ್ಷರಕ್ಕಿಂತ ಚಿತ್ರವೇ ಮುಖ್ಯ. ಆದ್ದರಿಂದ ಓದು ಬಾರದ ತಂದೆ ತಾಯಿಯರೂ ಪುಟ ತಿರುವುತ್ತಾ ಕನ್ನಡ, ತುಳು, ತಮಿಳು, ಹೀಗೆ ಯಾವುದೇ ಮನೆಮಾತಿನಲ್ಲಿ ಕಥೆ ಹೇಳಬಹುದಾಗಿದೆ. ಸೈಕಲ್ಲಿನ ಚಿತ್ರಗಳು ಬಹುಮಟ್ಟಿಗೆ ಸಮತಟ್ಟಾದ ರಸ್ತೆಯವು; ಏರಿನಲ್ಲಿ ಸೈಕಲನ್ನು ತಳ್ಳಿಕೊಂಡು ನಡೆಯುವುದು ಮಲೆನಾಡಿನ ಮಗುವಿಗೆ ತಿಳಿದ ಸಂಗತಿ. ಅದನ್ನು ಮಗುವಿನಿಂದಲೇ ಹೇಳಿಸುವುದು ಒಳ್ಳೆಯದು. ರೈಲಿನ ಪುಸ್ತಕಕ್ಕಂತೂ ಇಲ್ಲಿ ಉದಾಹರಣೆ ಹುಡುಕಬೇಕಾಗಿಲ್ಲ. ಆಲೂರಿನ ಮೂಲಕ ಸಾಗುವ ಹಾಸನ–ಮಂಗಳೂರು ಮಾರ್ಗದಲ್ಲಿ, ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರಸ್ತೆ ನಿಲ್ದಾಣಗಳ ನಡುವಿನ ಸುಮಾರು 55 ಕಿ.ಮೀ. ಘಾಟಿ ಭಾಗದಲ್ಲಿಯೇ 57 ಸುರಂಗಗಳಿವೆ. ಮೀಟರ್ ಗೇಜ್ ಹಳಿಯನ್ನು ಬ್ರಾಡ್ ಗೇಜ್‌ಗೆ ಪರಿವರ್ತಿಸಿದ ನಂತರ 2007ರಲ್ಲಿ ಪ್ರಯಾಣಿಕರ ರೈಲು ಸಂಚಾರ ಪುನರಾರಂಭಗೊಂಡಿತು.

ಗ್ರಂಥಾಲಯದಲ್ಲಿ ಬೇಕಾದ ಪುಸ್ತಕ ದೊರೆಯದಿದ್ದಲ್ಲಿ, ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಅಂತರ್ಜಾಲ ತಾಣದಲ್ಲಿ ಕನ್ನಡ ಚಿತ್ರಪುಸ್ತಕಗಳನ್ನು ಉಚಿತವಾಗಿ ಓದಬಹುದು. ಗುಡ್ಡಗಾಡಿನಲ್ಲಿ ಮೊಬೈಲ್ ಸಂಪರ್ಕ ಎಲ್ಲೆಡೆ ಸಿಗುವುದಿಲ್ಲವಾದ್ದರಿಂದ, ಪೇಟೆಗೆ ಬಂದಾಗ ಪುಸ್ತಕವನ್ನು ಇಳಿಸಿಕೊಂಡು ಮುದ್ರಿಸಿಕೊಳ್ಳುವುದು ಅನುಕೂಲಕರ.